ಖಾಲಿ ಬಿಟ್ಟ ಪೆಟ್ಟು

ಕಾಫಿಗೆ ಒಳ್ಳೆ ರೇಟು ಬಂದ ವರ್ಷಗಳಲ್ಲಿ ಪ್ರೇಮಕುಮಾರಿಯ ಸಂಗೀತ ಕೆಟ್ಟಿತು; ರೇಟು ನೆಲ ಕಚ್ಚಿದ ವರ್ಷಗಳಲ್ಲಿ ಸುಧಾರಿಸಿತು. ಗೋಣಿಬೀಡಿನಲ್ಲಿ ಇದನ್ನು ಯಾರಿಗೆ ಹೇಳಿದರೂ ನಗುತ್ತಿದ್ದರು. ಆದರೆ ಕಾರಣ ಸರಳ. ಅವಳ ಬ್ಯಾಂಡು ಅಭ್ಯಾಸ ಮಾಡುತ್ತಿದ್ದುದು ಅಪ್ಪ ಚಂದ್ರಶೇಖರ ಗೌಡರ ಕಾಫಿ ಗೋಡೌನಿನಲ್ಲಿ. ಗೋಡೌನು ಖಾಲಿಯಿದ್ದಾಗ ಬೇಸ್ ಗಿಟಾರಿನ ದಪ್ಪ ತಂತಿಯನ್ನು ಒಮ್ಮೆ ಮೀಟಿದರೆ ಸಾಕು, ಶೀಟಿನ ಮಾಡು, ಗೋಡೆ, ಬಾಗಿಲು ಎಲ್ಲ ಸೇರಿ ಗುಂಯ್ಯೆಂದು, ಯಾವುದು ಸ್ವರ ಯಾವುದು ತಗಡು ಎಂದೇ ತಿಳಿಯುತ್ತಿರಲಿಲ್ಲ. ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳನ್ನು ಮಾಡಿನವರೆಗೆ ಪೇರಿಸಿದ್ದರೆ ಮಾತು ಬೇರೆ. ಆ ಗದ್ದಲವನ್ನೆಲ್ಲ ಚೀಲಗಳು ಕುಡಿದುಬಿಡುತ್ತಿದ್ದವು. ಉಳಿಯುತ್ತಿದ್ದುದು ಸ್ವರವೊಂದೇ, ನೇರವಾಗಿ ಎದೆಗೂಡಿಗೆ ಬಂದು ತಾಗುವಂಥದ್ದು.

ರೇಟು ಬಂದರೆ ಅಪ್ಪ ಚೀಲಗಳನ್ನು ಬೀಜ ಹದ ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಸಾಗಿಸಿಬಿಡುತ್ತಿದ್ದರು. ಬಾರದಿದ್ದರೆ ಕಾಯುತ್ತಿದ್ದರು. ಅಪ್ಪ ಕಾದಷ್ಟು ದಿನ ಮಗಳಿಗೆ ಹಬ್ಬ.

ಬೇಸನ್ನು ಅವಳು ಆಸೆಪಟ್ಟು ಹಿಡಿದವಳಲ್ಲ. ತೊಂಬತ್ತಮೂರರಲ್ಲಿ, ಮಂಗಳೂರಿನಲ್ಲಿ ಓದುವಾಗ, ಕಾಲೇಜಿನ ಬ್ಯಾಂಡಿಗೆ ಗಿಟಾರ್ ನುಡಿಸುತ್ತೇನೆಂದು ಹೋದಳು. ಗಿಟಾರಿಗೆ ಹುಡುಗರು ಆಗಲೇ ಇದ್ದರು. ಬೇಸ್ ಯಾರಿಗೂ ಬೇಡವಾಗಿತ್ತು. ನಾಲ್ಕೇ ತಂತಿ, ಹುಡುಗಿಗೆ ಸಾಕು ಎಂದು ಕೈಗೆ ಕೊಟ್ಟರು. ಕೊಟ್ಟ ಮೇಲೆ ಅವಳು ಬಿಡಲಿಲ್ಲ. ಬೆಂಗಳೂರಿನಲ್ಲಿ ಎಂ.ಎ. ಮಾಡುತ್ತ ಒಂದಾದ ಮೇಲೊಂದು ಹೆವಿ ರಾಕ್ ಬ್ಯಾಂಡಿನಲ್ಲಿ ನುಡಿಸಿದಳು. ಒಂದು ಬ್ಯಾಂಡಿನವರು ಪೋಸ್ಟರಿನ ತುಂಬ ಅವಳ ಮುಖ ಹಾಕಿದರು, ವೇದಿಕೆಯ ಮೇಲೆ ಮಾತ್ರ ಸ್ಪೀಕರ್ ಪೆಟ್ಟಿಗೆಗಳ ಹಿಂದೆ ನಿಲ್ಲಿಸಿದರು. ಇನ್ನೊಂದರಲ್ಲಿ ಡ್ರಮ್ಸ್ ಬಾರಿಸುವವನ ಭಾವಿ ಹೆಂಡತಿಗೆ ಇವಳನ್ನು ಕಂಡರಾಗದೆ ಕೈಬಿಟ್ಟರು. ಎಲ್ಲಿ ನುಡಿಸಿದರೂ ಜನರ ನಡುವಿನಿಂದ ಒಬ್ಬನಾದರೂ ಕೂಗುತ್ತಿದ್ದ: "ಅಕ್ಕಾ, ಇಳಿಸಿ ಅದನ್ನ, ಸೊಂಟ ಹಿಡ್ಕೊಳ್ತದೆ." ಉಳಿದವರು ನಗುತ್ತಿದ್ದರು. ಮೊದಮೊದಲು ಅವಳೂ ನಕ್ಕಳು.

ಊರಿಗೆ ಬಂದ ಮೇಲೆ ಗಂಡಿನ ಕಡೆಯವರು ಕೇಳಿದರೆ ಅಮ್ಮ ಸಾವಿತ್ರಮ್ಮ, ಮಗಳು ತಂಬೂರಿ ನುಡಿಸುತ್ತಾಳೆ ಎನ್ನುತ್ತಿದ್ದರು. ತಂಬೂರಿಗೂ ನಾಲ್ಕೇ ತಂತಿಯಲ್ಲವೇ, ಸುಳ್ಳೇನಾಯಿತು ಎಂಬುದು ಅವರ ವಾದ. ಕೊಪ್ಪದ ಕಡೆಯಿಂದ ಬಂದ ಸಂಬಂಧದವರು, ನಮ್ಮತ್ತೆ ಒಂದು ದೇವರನಾಮ ಹೇಳ್ತಾರೆ, ಶ್ರುತಿ ಹಿಡಿಯಲಿ ಎಂದರು. ಪ್ರೇಮ ಒಳಗಿನಿಂದ ಆಂಪ್ಲಿಫೈಯರ್ ಎತ್ತಿಕೊಂಡು ಬಂದಳು. ಅವರು ಲೋಟದಲ್ಲಿ ಅರ್ಧ ಕಾಫಿ ಬಿಟ್ಟು ಎದ್ದರು. ಅಮ್ಮ ಆಮೇಲೆ ಬಹಳ ದಿನ ಮಗಳೊಂದಿಗೆ ಮಾತಾಡಲಿಲ್ಲ. ಅಪ್ಪ ಮಾತ್ರ, ಗೋಡೌನಿನ ಬಾಗಿಲ ಬಳಿ ಹಾದುಹೋಗುವಾಗ ಒಂದು ಗಳಿಗೆ ನಿಂತು, ಕಣದ ಕಡೆ ನಡೆಯುತ್ತಿದ್ದರು.

ಆ ಗೋಡೌನಿನಲ್ಲಿ ಹುಟ್ಟಿದ ಬ್ಯಾಂಡಿನ ಹೆಸರು ಪಲ್ಪರ್. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಹೆಸರು. ಸದ್ದೂ ಹೆಚ್ಚುಕಡಿಮೆ ಹಾಗೆಯೇ. ಮೂಡಿಗೆರೆಯ ಪ್ಲಾಂಟರ್ ಒಬ್ಬರ ಮಗ ನಾಗೇಶ ಗಿಟಾರ್ ಹಿಡಿದು ಹಾಡುತ್ತಿದ್ದ, ಚಿಕ್ಕಮಗಳೂರಿನ ರಾಜೇಶ ಡ್ರಮ್ಸಿಗೆ. ಅವರ ಹಾಡುಗಳಲ್ಲೆಲ್ಲ ಹೆಸರಾದದ್ದು 'ತಿರುವು'. ಅದರ ನಡೆಯನ್ನು ಕಟ್ಟಿದವಳು ಪ್ರೇಮ. ಮೂರು ಪೆಟ್ಟು, ನಾಲ್ಕನೆಯದು ಖಾಲಿ.

"ಅಲ್ಲೊಂದು ಪೆಟ್ಟು ಹಾಕು ಮಾರಾಯ್ತಿ, ಹಲ್ಲು ಬಿದ್ದಂಗೆ ಕೇಳ್ತದೆ," ಎಂದು ನಾಗೇಶ ಎಷ್ಟೋ ಸಲ ಹೇಳಿದ್ದ.

"ಆ ಖಾಲಿ ಜಾಗಕ್ಕೇ ಜನ ಕಾಯೋದು," ಎನ್ನುತ್ತಿದ್ದಳು ಅವಳು. ಜನ ಕಾಯುತ್ತಲೂ ಇದ್ದರು. ಘಟ್ಟದ ತಿರುವಿನಲ್ಲಿ ಎದುರಿಗೆ ಏನು ಬರುತ್ತದೋ ಎಂದು ಉಸಿರು ಹಿಡಿದ ಹಾಗೆ.

ಎರಡು ಸಾವಿರದ ಎರಡರಲ್ಲಿ ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿ ಒಪ್ಪಿತು. ರೆಕಾರ್ಡಿಂಗ್ ಗೋಡೌನಿನಲ್ಲೇ ಆಗಲಿ ಎಂದು ಪ್ರೇಮ ಹಟ ಹಿಡಿದಳು. ಆ ವರ್ಷ ಕಾಫಿಯನ್ನು ಕೇಳುವವರಿರಲಿಲ್ಲ. ಚೀಲಗಳು ಮಾಡು ಮುಟ್ಟಿದ್ದವು. ಅಂಥ ಸದ್ದು ಇನ್ನೊಮ್ಮೆ ಸಿಗಲಾರದು ಎಂದು ಅವಳಿಗೆ ಗೊತ್ತಿತ್ತು. ಆದರೆ ಕಂಪನಿಯ ಎಂಜಿನಿಯರು ಇಂದು ನಾಳೆ ಎಂದು ಮುಂದೂಡುತ್ತ ಹೋದ. ಮಳೆಗೆ ಮೊದಲು ಚೀಲ ಸಾಗಿಸದಿದ್ದರೆ ಕಾಫಿಗೆ ತೇವ ಹಿಡಿದು ಬಣ್ಣ ಹೋಗುತ್ತದೆ, ಸಿಗುವ ರೇಟೂ ಸಿಗುವುದಿಲ್ಲ ಎಂದು ತೋಟದ ಲೆಕ್ಕ ಬರೆಯುವ ರೈಟರ್ ದಿನಾ ಬಂದು ಹೇಳುತ್ತಿದ್ದ. ಅಪ್ಪ ಮಗಳನ್ನು ಕರೆದರು.

"ನಿನ್ನ ಸದ್ದಿಗೆ ಚೀಲ ಬೇಕೇ ಬೇಕಾ?"

"ಬೇಕಪ್ಪ."

"ಇರ್ಲಿ ಬಿಡು ಮಗಾ. ರೇಟು ಬಿದ್ದಿದ್ದಾಗಿದೆ, ಇನ್ನೆಷ್ಟು ಬೀಳ್ತದೆ."

ಇನ್ನೂ ಬಿತ್ತು. ಎಂಜಿನಿಯರು ಬಂದದ್ದು ಮಳೆ ಹಿಡಿದ ಮೇಲೆ. ಪ್ರೇಮ ಚೀಲಗಳಿಗೆ ಬೆನ್ನು ಕೊಟ್ಟು ಕೂತು, ಎಂದೂ ನುಡಿಸದ ಹಾಗೆ ನುಡಿಸಿದಳು. ಎಂಜಿನಿಯರು, ನಾಗೇಶ, ರಾಜೇಶ ಟೇಪು ಹಿಡಿದು ಬೆಂಗಳೂರಿಗೆ ಹೋದ ಮಾರನೆಯ ದಿನ ಲಾರಿ ಬಂತು. ಬಣ್ಣಗೆಟ್ಟ ಕಾಫಿಗೆ ಸಿಕ್ಕಿದ್ದು ಕೂಲಿಗೂ ಸಾಲದೆ, ಮೇಲಿನ ತುಂಡು ತೋಟ ಪಕ್ಕದವರ ಪಾಲಾಯಿತು. ಅದಕ್ಕೂ ಕಾದದ್ದಕ್ಕೂ ಸಂಬಂಧವಿದೆ ಎಂದು ಅಪ್ಪ ಯಾವತ್ತೂ ಬಾಯಿಬಿಡಲಿಲ್ಲ. ಅಂದುಬಿಟ್ಟಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಇನ್ನು ಅವಳಿಗಿದ್ದದ್ದು ಒಂದೇ ಆಸೆ: ಕ್ಯಾಸೆಟ್ ಬರಲಿ, ಕಾದದ್ದು ಯಾವುದಕ್ಕೆ ಎಂದು ಅಪ್ಪ ಕಿವಿಯಾರೆ ಕೇಳಲಿ.

ದಸರಾ ಕಳೆದ ಮೇಲೆ ಕ್ಯಾಸೆಟ್ ಬಂತು. ಒಳಗಿನ ಕಾಗದದಲ್ಲಿ ಅಚ್ಚಾಗಿತ್ತು, ಬೇಸ್ ಗಿಟಾರ್: ಪ್ರೇಮಕುಮಾರಿ. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಓದಿ, ಮನೆಯ ಹಳೆಯ ಟೇಪ್ ರೆಕಾರ್ಡರಿಗೆ ಹಾಕಿ, ಎರಡೂ ಬದಿ ಅಲ್ಲಾಡದೆ ಕೂತು ಕೇಳಿದರು.

"ಎಲ್ಲಾ ಸರಿ. ಇದ್ರಲ್ಲಿ ನೀನೆಲ್ಲಿದ್ದಿ ಮಗಾ?"

ಅಂಗೈಯಗಲದ ಸ್ಪೀಕರಿನಲ್ಲಿ ಬೇಸ್ ಕೇಳುವುದಿಲ್ಲ, ದೊಡ್ಡ ಪೆಟ್ಟಿಗೆ ಬೇಕು ಎಂದಳು. ಹಾಗಾದರೆ ಹೋಗೋಣ ನಡಿ ಎಂದು ಆ ಶನಿವಾರವೇ ಅಪ್ಪ ಜೀಪು ತೆಗೆದರು. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ರಂಗನಾಥ ಎಂಬವರ ಕ್ಯಾಸೆಟ್ ಅಂಗಡಿಯಿತ್ತು. ಆಳೆತ್ತರದ ಸ್ಪೀಕರುಗಳು. ಅಪ್ಪನಿಗೊಂದು ಸ್ಟೂಲು ಹಾಕಿ, ರಂಗನಾಥ 'ತಿರುವು' ಹಚ್ಚಿದರು.

ಮೂರು ಪೆಟ್ಟು. ನಾಲ್ಕನೆಯದೂ ಬಿತ್ತು.

ಪ್ರೇಮ ತಾನೇ ತಪ್ಪಾಗಿ ಕೇಳಿಸಿಕೊಂಡೆ ಎಂದುಕೊಂಡಳು. ಮತ್ತೆ ಮೂರು, ಮತ್ತೆ ನಾಲ್ಕನೆಯದು. ಅವಳು ಬೆರಳಿನಲ್ಲಿ ನುಡಿಸುವವಳು. ಇದು ಬೆರಳ ಬದಲು ಪ್ಲಾಸ್ಟಿಕ್ ಬಿಲ್ಲೆ ಹಿಡಿದು ತಂತಿ ಗೀರಿದ ಸದ್ದು, ಟಕಟಕ ಎನ್ನುತ್ತಿತ್ತು. ಬಂದೆ ಇರಪ್ಪಾ ಎಂದು ಪಕ್ಕದ ಎಸ್‌ಟಿಡಿ ಬೂತಿಗೆ ಹೋಗಿ ನಾಗೇಶನಿಗೆ ಫೋನ್ ಹಚ್ಚಿದಳು. ಬೇಸ್ ಯಾರದ್ದು ಎಂದು ಕೇಳಿದಳು.

"ಕಂಪನಿಯೋರು ಒಪ್ಲಿಲ್ಲ ಪ್ರೇಮಾ. ಇಷ್ಟು ಮೆತ್ತಗಿದ್ರೆ ಹೆವಿ ಅನ್ಸಲ್ಲ, ಗಂಡಸಿನ ಕೈ ಬೇಕು ಅಂದ್ರು. ಸ್ಟುಡಿಯೋದಲ್ಲೇ ಒಬ್ಬ ಇದ್ದ, ಮಧ್ಯಾಹ್ನದೊಳಗೆ ಬಾರಿಸಿಕೊಟ್ಟ."

"ನಂಗೆ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಬಿಡ್ತಿದ್ಯಾ? ಹೆಸ್ರು ನಿಂದೇ ಹಾಕ್ಸಿದೀನಲ್ಲ ಮಾರಾಯ್ತಿ. ಹುಡುಗಿ ಹೆಸ್ರಿದ್ರೆ ಪೇಪರ್‌ನೋರು ಬರೀತಾರೆ."

"ಅವನ ಹೆಸ್ರೇನು?"

"ಯಾರಿಗ್ಗೊತ್ತು."

ಅವಳು ಫೋನ್ ಇಟ್ಟಳು. ಗಾಜಿನಾಚೆ ರಸ್ತೆಯಲ್ಲಿ ಆಟೋಗಳು, ಸಂತೆಯ ಚೀಲ ಹಿಡಿದ ಜನ. ಅಳು ಬರಬಹುದೆಂದು ಕಾದಳು. ಬರಲಿಲ್ಲ.

ಅಂಗಡಿಗೆ ಬಂದರೆ ಅಪ್ಪ ಸ್ಟೂಲನ್ನು ಸ್ಪೀಕರಿನ ಹತ್ತಿರಕ್ಕೇ ಎಳೆದುಕೊಂಡು, ಅದರ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೂತಿದ್ದರು. ರಂಗನಾಥರಿಂದ ಅದೇ ಹಾಡನ್ನು ಮತ್ತೆ ಹಾಕಿಸಿದ್ದರು. ಮಗಳು ಬಂದದ್ದು ತಿಳಿದು ಕಣ್ಣು ತೆರೆದರು.

"ಈ ಹೊಟ್ಟೆಯೊಳಗೆ ಗುದ್ದೋದು, ಇದಾ ನೀನು?"

ಅವರ ಮುಖ ನೋಡಿದಳು. ಮೇಲಿನ ತುಂಡು ತೋಟ ಬರೆದುಕೊಟ್ಟು ಬಂದ ದಿನವೂ ಅವರು ಹೀಗೆಯೇ, ಏನೂ ಆಗಿಲ್ಲವೆಂಬಂತೆ ಅವಳ ಕಡೆ ನೋಡಿದ್ದರು.

"ಹೌದಪ್ಪ."

"ಹಂಗಾದ್ರೆ ಕಾದಿದ್ದು ದಂಡ ಆಗ್ಲಿಲ್ಲ ಬಿಡು."

ರಂಗನಾಥ ಕ್ಯಾಸೆಟ್ಟಿನ ಕಾಗದ ಮಡಚಿಕೊಡುತ್ತ ಮೆಚ್ಚುಗೆಯಿಂದ ಹೇಳಿದರು: "ಹೆಂಗಸರ ಕೈ ಅಂತ ಗೊತ್ತೇ ಆಗಲ್ಲ ಗೌಡ್ರೆ."

ವಾಪಸು ಬರುವಾಗ ದಾರಿಯುದ್ದಕ್ಕೂ ಅಪ್ಪ ಜೀಪಿನ ಸ್ಟೀರಿಂಗಿನ ಮೇಲೆ ಬೆರಳಿನಿಂದ ಆ ಹಾಡನ್ನು ಬಡಿಯುತ್ತಿದ್ದರು. ಅವರಿಗೆ ತಾಳಜ್ಞಾನವಿದೆಯೆಂದು ಪ್ರೇಮಳಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಮೂರು ಪೆಟ್ಟು, ಅವಳು ಖಾಲಿ ಬಿಟ್ಟಿದ್ದ ಜಾಗದಲ್ಲಿ, ಒಂದು ಸಲವೂ ತಪ್ಪದೆ, ಇನ್ನೊಂದು. ಪ್ರೇಮ ಕಿಟಕಿಯ ಕಡೆ ತಿರುಗಿ ಕೂತಳು. ಗೋಣಿಬೀಡು ಬರುವವರೆಗೂ ಅವರು ನಿಲ್ಲಿಸಲಿಲ್ಲ.