ಅಪ್ಪಾಜಿಯ ಎಡಗೈ

ಲಿಂಗ ನೆಲಕ್ಕೆ ಬೀಳಲಿಲ್ಲ, ಪಕ್ಕದಲ್ಲಿದ್ದ ಹೆಂಡತಿ ಕಲ್ಯಾಣಮ್ಮನ ಸೆರಗಿಗೆ ಬಿತ್ತು. ಅಷ್ಟೇ ಪುಣ್ಯ. ಆದರೂ ಶಾಂತಮಲ್ಲಪ್ಪನವರ ಜೀವ ಬಾಯಿಗೆ ಬಂದಿತ್ತು. ಲಕ್ವ ಹೊಡೆದು ಹಾಸನದ ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡು ಮನಸ್ಸಿನಲ್ಲೇ ಪೂಜೆ ಮುಗಿಸಿದ್ದರು. ಮನೆಗೆ ಬಂದ ಮೊದಲ ಬೆಳಿಗ್ಗೆಯೇ ಹಟ ಹಿಡಿದು ಗೋಡೆಗೊರಗಿ ಕೂತು, ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡರು. ಸ್ವಾಧೀನವಿಲ್ಲದ ಕೈ ಒದ್ದೆ ಬಟ್ಟೆಯ ಹಾಗೆ ವಾಲಿತು.

ಸೆರಗಿನಲ್ಲಿದ್ದುದನ್ನು ಬಲಗೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡವರು ಆಮೇಲೆ ತೊಟ್ಟು ನೀರನ್ನೂ ಮುಟ್ಟಲಿಲ್ಲ. ಮನಸ್ಸಿನ ಪೂಜೆ ಆಸ್ಪತ್ರೆಗಷ್ಟೇ, ಮನೆಯಲ್ಲಿ ಅಂಗೈ ಮೇಲಿನ ಪೂಜೆಯಾಗದೆ ಊಟವಿಲ್ಲ. ಊಟವಾಗದೆ ಮಾತ್ರೆ ನುಂಗುವಂತಿಲ್ಲ. ಮಾತ್ರೆ ತಪ್ಪಿದರೆ ಮತ್ತೊಂದು ಸಲ ಹೊಡೆಯಬಹುದು ಎಂದು ಡಾಕ್ಟರು ಒತ್ತಿ ಒತ್ತಿ ಹೇಳಿ ಕಳಿಸಿದ್ದರು. ಹೀಗೇ ಒಂದು ದಿನ ಕಳೆಯಿತು.

"ನಾನ್ ಹಿಡ್ಕತೀನಿ ಕೊಡಿ ಅಂದೆ ಕಣೋ," ಎಂದರು ಕಲ್ಯಾಣಮ್ಮ ಮಗನಿಗೆ. "ನಿಂದು ನಿಂಗೆ, ನಂದು ನಂಗೆ ಅಂದ್ಬುಟ್ರು. ನನ್ ಕೈಯೂ ನಡುಗ್ತೈತೆ. ನೀನೇ ಏನಾರಾ ಮಾಡಪ್ಪ."

ರಾಜಶೇಖರ ಏನು ಮಾಡಿಯಾನು? ಅವನ ಕೊರಳಲ್ಲಿ ಲಿಂಗವೇ ಇರಲಿಲ್ಲ. ತಮ್ಮೂರು ಹೊಸಕೋಟೆಯಿಂದ ದಿನಾ ಬಸ್ಸಿನಲ್ಲಿ ಹತ್ತಿರದ ಆಲೂರಿಗೆ ಹೋಗಿ ವಾಚು ರಿಪೇರಿ ಅಂಗಡಿ ತೆಗೆಯುವ ಮನುಷ್ಯ ಅವನು. ಇಪ್ಪತ್ತನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ತನ್ನ ಕರಡಿಗೆಯನ್ನು ತಂದೆಯ ಮುಂದಿಟ್ಟು, "ನಂಗೆ ಇದ್ರಲ್ಲಿ ಏನೂ ಕಾಣುಸ್ತಿಲ್ಲ ಅಪ್ಪಾಜಿ. ಕಂಡೋನ್ ಥರ ಕೂರಕಾಗಲ್ಲ," ಎಂದುಬಿಟ್ಟಿದ್ದ. ಲಿಂಗದ ಮುಂದೆ ಮನಸ್ಸಿನಲ್ಲೂ ಸುಳ್ಳಾಡಬಾರದು ಎಂದು ಕಲಿಸಿದವರು ಅವರೇ ತಾನೆ. ಮಗ ಪಾಠವನ್ನು ಸ್ವಲ್ಪ ಹೆಚ್ಚೇ ಕಲಿತಿದ್ದ.

ಶಾಂತಮಲ್ಲಪ್ಪ ಬೈಯಲಿಲ್ಲ. ಕರಡಿಗೆಯನ್ನು ದೇವರ ಗೂಡಿನಲ್ಲಿಟ್ಟರು, ಅಷ್ಟೆ. ಆದರೆ ಲಿಂಗವಿಲ್ಲದವನ ಜೊತೆ ಒಂದೇ ಸಾಲಿನಲ್ಲಿ ಕೂತು ಅವರು ಉಣ್ಣುವವರಲ್ಲ. ಅಂದಿನಿಂದ ಮಗನ ತಟ್ಟೆ ಜಗಲಿಗೆ ಹೋಯಿತು. ಒಂದೇ ಮನೆ, ಒಂದೇ ಒಲೆ, ಹದಿನಾಲ್ಕು ವರ್ಷ.

ಎರಡನೆಯ ಬೆಳಿಗ್ಗೆ ರಾಜಶೇಖರ ಗೂಡಿನಿಂದ ತನ್ನ ಹಳೆಯ ಕರಡಿಗೆ ತೆಗೆದುಕೊಂಡು ಬಂದ.

"ಅಪ್ಪಾಜಿ, ನಾನ್ ಕಟ್ಕತೀನಿ. ಆಮೇಲೆ ನಿಮ್ ಲಿಂಗನ ನನ್ ಅಂಗೈ ಮೇಲಿಟ್ಟು ಪೂಜೆ ಮಾಡಿ. ಮಾತ್ರೆ ತಗಂಡ್ರೆ ಸಾಕು."

ಶಾಂತಮಲ್ಲಪ್ಪ ಮಗನ ಮುಖವನ್ನೇ ನೋಡಿದರು. ಸೊಟ್ಟಗಾದ ಬಾಯಿಂದ ಮಾತು ತೊದಲಿ ಬಂತು. "ಈಗ ಕಾಣುಸ್ತೈತೇನೋ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹೂಂ ಎನ್ನಬೇಕೆಂದೇ ಅವನು ಬಂದಿದ್ದ.

"ಇಲ್ಲ," ಎಂದ.

"ಹಂಗಾರೆ ಇದ್ದಲ್ಲೇ ಮಡಗು. ನನ್ ಹೊಟ್ಟೆಗೋಸ್ಕರ ಸುಳ್ಳು ಕಟ್ಕಬ್ಯಾಡ."

ರಾಜಶೇಖರನಿಗೆ ಸಿಟ್ಟೂ ಬಂತು, ಅಳುವೂ ಬಂತು. ಕರಡಿಗೆಯನ್ನು ಗೂಡಿಗಿಟ್ಟು ತಿರುಗಿದಾಗ ತಂದೆಯ ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಆ ಕೈ ಅವನಿಗೆ ಚೆನ್ನಾಗಿ ಗೊತ್ತು. ಎಂಟು ವರ್ಷದವನಾಗಿದ್ದಾಗ ಬೆಳಬೆಳಿಗ್ಗೆ ತಂದೆ ತಮ್ಮ ಪೂಜೆ ಮುಗಿಸಿ ಅವನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಲಿಂಗ ಹಿಡಿದ ತನ್ನ ಪುಟ್ಟ ಕೈ ಸೋತು ನಡುಗತೊಡಗಿದರೆ ಗದರುತ್ತಿರಲಿಲ್ಲ. ಸುಮ್ಮನೆ ಅವರ ಈ ಎಡ ಅಂಗೈ ಬಂದು ಅವನ ಕೈಯ ಕೆಳಗೆ ನಿಲ್ಲುತ್ತಿತ್ತು.

ಅವನು ಕೈಕಾಲು ತೊಳೆದು ಬಂದು ತಂದೆಯ ಪಕ್ಕ ಕೂತ. ಆ ಸತ್ತ ಕೈಯ ಕೆಳಗೆ ತನ್ನ ಎಡಗೈ ತೂರಿಸಿ ಎದೆಯ ಮಟ್ಟಕ್ಕೆ ಎತ್ತಿದ.

"ಲಿಂಗ ನಿಮ್ ಕೈ ಮೇಲೇ ಇರ್ಲಿ. ನಾನ್ ಮುಟ್ಟಲ್ಲ. ನಿಮ್ ಕೈನ ಮಾತ್ರ ಹಿಡ್ಕತೀನಿ."

ಶಾಂತಮಲ್ಲಪ್ಪ ತಮ್ಮ ಕೈ ಕೆಳಗಿನ ಮಗನ ಕೈಯನ್ನು ನೋಡಿದರು. ಆಮೇಲೆ ಬಲಗೈಯಿಂದ ಕರಡಿಗೆ ಬಿಚ್ಚಿದರು.

ಕಲ್ಯಾಣಮ್ಮ ನೀರು, ವಿಭೂತಿ, ಪತ್ರೆ ಹತ್ತಿರ ಸರಿಸಿದರು. ಅರ್ಧ ಗಂಟೆ ಹಿಡಿಯಿತು. ರಾಜಶೇಖರನ ಕೈ ಅಲುಗಲಿಲ್ಲ. ಅಂಗಡಿಯಲ್ಲಿ ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವಾಗ ಗಿರಾಕಿಗಳು, "ಏನ್ ಕೈ ಮಾರಾಯ ನಿಂದು!" ಎನ್ನುತ್ತಿದ್ದರು. ಈ ಕೈ ಎಲ್ಲಿಂದ ಬಂತೆಂದು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಇವತ್ತೂ ಅವನಿಗೆ ಲಿಂಗದಲ್ಲಿ ಏನೂ ಕಾಣಿಸಲಿಲ್ಲ. ಲಿಂಗ ನೋಡುತ್ತಿದ್ದ ತಂದೆಯ ಮುಖ ಮಾತ್ರ ಕಾಣಿಸಿತು. ಇಂಥವರ ಮುಂದೆ ಕೂತು ಬೆಳೆದೆನಲ್ಲ ಎಂದು ಎದೆ ತುಂಬಿ ಬಂತು.

ಪೂಜೆ ಮುಗಿಯಿತು. ಕಲ್ಯಾಣಮ್ಮ ಗಂಡನಿಗೆ ಗಂಜಿ ತಂದಿಟ್ಟು, ಮಗನ ಅಕ್ಕಿರೊಟ್ಟಿ ತಟ್ಟೆ ಹಿಡಿದು ಎಂದಿನಂತೆ ಜಗಲಿಯ ಕಡೆ ಹೊರಟರು.

"ಅದೆಲ್ಲಿಗೇ ತಗಂಡ್ ಹೋಯ್ತೀಯ?" ಎಂದರು ಶಾಂತಮಲ್ಲಪ್ಪ.

ಆಕೆ ಬಾಗಿಲಲ್ಲೇ ನಿಂತರು. ಗಂಡನನ್ನೊಮ್ಮೆ, ಮಗನನ್ನೊಮ್ಮೆ ನೋಡಿ ವಾಪಸು ಬಂದು, ಗಂಜಿಯ ಬಟ್ಟಲಿನಿಂದ ಎರಡು ಮೊಳ ದೂರದಲ್ಲಿ ತಟ್ಟೆ ಇಟ್ಟರು.

ಶಾಂತಮಲ್ಲಪ್ಪ ಮುಂದಕ್ಕೆ ಬಾಗಿ, ಬಲಗೈ ಚಾಚಿದರು. ಎಟುಕಲಿಲ್ಲ. ರಾಜಶೇಖರ ತಟ್ಟೆಯನ್ನು ಅವರ ಬೆರಳಿಗೆ ಸಿಗುವಷ್ಟು ಮಾತ್ರ ಸರಿಸಿದ. ಉಳಿದ ದೂರವನ್ನು ಅವರೇ ಎಳೆದುಕೊಂಡರು.