ಹನ್ನೊಂದು ಬಿಳಿ ಸುತ್ತು

ಮಧ್ಯಾಹ್ನ ಮೂರೂವರೆ. ಆ್ಯಪಿನಲ್ಲಿ ಹೊಲಿಗೆ ಮಷೀನಿನ ಹರಾಜು ಮುಗಿಯಲು ಇನ್ನರ್ಧ ಗಂಟೆಯಿತ್ತು. ಕೂಗು ನಾಲ್ಕು ಸಾವಿರದ ಇನ್ನೂರಕ್ಕೆ ಬಂದು, ಅಲ್ಲೇ ಬೇರು ಬಿಟ್ಟಂತೆ ಕೂತಿತ್ತು. ತಂಗಿ ಗುಂಡಿಗಳ ಡಬ್ಬಿಯ ಹಿಂದೆ ಫೋನು ಮರೆಮಾಡಿಕೊಂಡು ನೋಡುತ್ತಿದ್ದಳು.

"ಎಷ್ಟಕ್ಕೆ ಬಂತೇ?" ಒಳಗಿನ ಮೇಜಿನಿಂದ ಅಕ್ಕನ ದನಿ. ಅದರ ಹಿಂದೆಯೇ ಕತ್ತರಿಯ ಕಚಕಚ.

"ಏರ್ತಾ ಇದೆ ಅಕ್ಕ."

"ಬೆಳಗ್ಗೆಯಿಂದ ಏರ್ತಾನೇ ಇದೆ. ಎಲ್ಲಿಗೆ ಏರ್ತು, ಅಟ್ಟಕ್ಕಾ?"

"ಇಪ್ಪತ್ತೆಂಟು ಸಾವಿರ," ಅಂದುಬಿಟ್ಟಳು ತಂಗಿ.

ಕತ್ತರಿ ಒಂದು ಗಳಿಗೆ ನಿಂತಿತು. "ಇನ್ನೆರಡು ಬಂದ್ರೆ ಆಯ್ತು. ಮೋಟಾರ್ ಮಷೀನು ಮನೆಗೆ ಬಂದ ಹಾಗೇ," ಎಂದಳು ಅಕ್ಕ. ಎಷ್ಟೋ ತಿಂಗಳ ಮೇಲೆ ಆ ದನಿಯಲ್ಲಿ ನಗು ಇತ್ತು. ಅದನ್ನು ಕೇಳಿ ತಂಗಿಗೆ ಇನ್ನೂ ಹೆದರಿಕೆಯಾಯಿತು.

ಅಪ್ಪ ಬಿಟ್ಟುಹೋದ, ಕಾಲಲ್ಲಿ ತುಳಿಯುವ ಆ ಹೊಲಿಗೆ ಮಷೀನೇ ಇಬ್ಬರ ಅನ್ನ. ಹೊಲಿಯುವವಳು ಅಕ್ಕ. ತಂಗಿಯದು ಗುಂಡಿ, ಕಾಜ, ಕೈಹೊಲಿಗೆ, ಗಿರಾಕಿಗಳ ಜತೆ ಮಾತು. ಅವಳು ಮಷೀನಿಗೆ ಕೂತರೆ ಹೊಲಿಗೆ ಹಾವು ಹರಿದ ಹಾಗೆ ಹೋಗುತ್ತಿತ್ತು. ಈಗ ಅಕ್ಕನ ಮಂಡಿ ಸೋತಿತ್ತು. ತುಳಿಯಲೇ ಕೂಡದು ಎಂದಿದ್ದರು ಡಾಕ್ಟರು. ಹಳೆಯದನ್ನು ಮಾರಿ ಮೋಟಾರಿನದು ತರಬೇಕು, ಮೂವತ್ತು ಸಾವಿರಕ್ಕೆ ಕಡಿಮೆ ಕೊಡಬಾರದು ಎಂದು ಅಕ್ಕ ಬಾಯಿಬಿಟ್ಟು ಹೇಳಿದ್ದಳು. ಇದೂ ಹೋಗಿ ಅದೂ ಬರದಿದ್ದರೆ ಅಂಗಡಿಗೆ ಬೀಗ.

ಫೋನಿನ ವ್ಯವಹಾರ ತಂಗಿಯದು. ಕಡಿಮೆಯಿಂದ ಶುರು ಮಾಡಿದರೆ ಜನ ಮುಗಿಬೀಳುತ್ತಾರೆ ಎಂದು ಪಕ್ಕದ ಇಸ್ತ್ರಿಯವನು ಹೇಳಿದ್ದ. ಅವಳು ಸಾವಿರದಿಂದ ಶುರು ಮಾಡಿದಳು. ಆದರೆ ಕೆಲಸ ಕೆಟ್ಟದ್ದು ಅದರಿಂದಲ್ಲ, ಸೀಮೆಸುಣ್ಣದಿಂದ.

ಅವರ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅದನ್ನು ಬೆಳಕಿಗೆ ಹಿಡಿದು, ಎಳೆ ತಪ್ಪಿದ್ದು, ಬಣ್ಣ ಮಾಸಿದ್ದು, ಎಲ್ಲಕ್ಕೂ ಗಿರಾಕಿಯ ಎದುರೇ ಸೀಮೆಸುಣ್ಣದ ಸುತ್ತು ಹಾಕಬೇಕು. ಆಮೇಲೆ ತಕರಾರಿಲ್ಲ. ಮೂವತ್ತು ವರ್ಷದ ಅಭ್ಯಾಸ. ಫೋಟೋ ತೆಗೆಯುವ ಮುಂಚೆ ತಂಗಿ ಮಷೀನಿಗೂ ಹಾಗೇ ಮಾಡಿದ್ದಳು. ತುಕ್ಕಿಗೊಂದು, ಬಣ್ಣ ಕಿತ್ತದ್ದಕ್ಕೊಂದು, ಸವೆದ ಬೆಲ್ಟಿಗೊಂದು, ಒಟ್ಟು ಹನ್ನೊಂದು; ಫೋಟೋ ತೆಗೆದಮೇಲೆ ಎಲ್ಲ ಒರೆಸಿದ್ದಳು. ಫೋಟೋದಲ್ಲಿ ಮಷೀನು ಮೈತುಂಬ ಬಿಳಿ ಹುಣ್ಣೆದ್ದ ಹಾಗೆ ಕಾಣುತ್ತಿತ್ತು. ಬೇರೆಯವರ ಮಷೀನುಗಳೆಲ್ಲ ಮದುಮಗಳ ಹಾಗೆ ಮಿನುಗುತ್ತಿದ್ದವು. ಅದು ಅವಳ ಕಣ್ಣಿಗೆ ಬಿದ್ದದ್ದು ಇವತ್ತು. ಮೊದಲ ಕೂಗು ಬಿದ್ದಮೇಲೆ ಹಿಂತೆಗೆಯುವಂತಿಲ್ಲ ಎಂದು ಆ್ಯಪಿನಲ್ಲಿ ಬರೆದಿತ್ತು.

ನಾಲ್ಕು ಹೊಡೆಯಿತು. ಫೋನು ಟಿಣ್ ಎಂದಿತು. ನಾಲ್ಕು ಸಾವಿರದ ಇನ್ನೂರಕ್ಕೆ ಮಾರಾಟ. ಕೊಂಡವರು ನಾಳೆ ಹತ್ತು ಗಂಟೆಗೆ ಬರುತ್ತಾರೆ.

"ಮೂವತ್ತಾಯ್ತಾ?"

"ಹೂಂ," ಎಂದಳು ತಂಗಿ.

ಮಾರನೆಯ ಬೆಳಗ್ಗೆ ಅಕ್ಕ ಕುಂಟುತ್ತಲೇ ಮಷೀನು ಒರೆಸಿ, ಎಣ್ಣೆ ಬಿಟ್ಟಳು. ಎಣ್ಣೆಯ ಕೆಲಸ ಯಾವತ್ತೂ ಅವಳದೇ. ತಂಗಿ ಅಷ್ಟು ವರ್ಷದಲ್ಲಿ ಒಮ್ಮೆಯೂ ಮಷೀನಿನ ತಲೆ ಮಗುಚಿ ನೋಡಿದವಳಲ್ಲ, ನೋಡಲು ಅಕ್ಕ ಬಿಟ್ಟವಳೂ ಅಲ್ಲ. ಹೇಳಿಬಿಡಬೇಕೆಂದು ತಂಗಿ ನಾಲ್ಕು ಸಲ ಬಾಯಿ ತೆರೆದಳು. ನಾಲ್ಕು ಸಲವೂ ದಾರ ಬೇಕಾ, ನೀರು ಬೇಕಾ ಎಂದು ಕೇಳಿ ಮುಚ್ಚಿಕೊಂಡಳು.

ಹತ್ತಕ್ಕೆ ಸರಿಯಾಗಿ ಹಗ್ಗ ಹೆಗಲಿಗೆ ಹಾಕಿಕೊಂಡ ದಪ್ಪ ಹೆಂಗಸೊಬ್ಬಳು ಒಳಗೆ ಬಂದಳು. ಕ್ಯಾನ್ವಾಸಿನ ಚೀಲ ಹೊಲಿಯುವವಳಂತೆ. ಬಂದವಳೇ ನೋಟುಗಳನ್ನು ಮೇಜಿನ ಮೇಲಿಟ್ಟು, "ನಾಲ್ಕು ಸಾವಿರದ ಇನ್ನೂರು, ಎಣಿಸ್ಕೊಳ್ಳಿ ಅಕ್ಕಾ" ಎಂದಳು.

ಅಕ್ಕ ನೋಟು ನೋಡಿದಳು. ಆಮೇಲೆ ತಂಗಿಯನ್ನು ನೋಡಿದಳು. ತಂಗಿಯ ಬೆನ್ನು ಗೋಡೆಗೆ ತಾಗಿತು. ಬೈದಿದ್ದರೆ ಎಷ್ಟೋ ವಾಸಿ. ಅಕ್ಕನ ಮುಖ ಇಸ್ತ್ರಿ ಮಾಡಿದ ಬಟ್ಟೆಯ ಹಾಗಿತ್ತು, ಒಂದು ಗೆರೆಯಿಲ್ಲ.

"ಫೋಟೋ ತೋರ್ಸು," ಎಂದಳು. ತಂಗಿ ಫೋನು ಕೊಟ್ಟಳು. ಅಕ್ಕ ಸುತ್ತುಗಳ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದಳು.

"ಹನ್ನೊಂದು ಹಾಕಿದೀಯ. ಹನ್ನೆರಡಿದೆ."

ಅವಳು ಮಷೀನಿನ ತಲೆಯನ್ನು ಹಿಂದಕ್ಕೆ ಮಗುಚಿದಳು. ತಳದ ಕಬ್ಬಿಣದಲ್ಲಿ ಕೂದಲೆಳೆಯಷ್ಟು ಸಣ್ಣ, ಗೇಣುದ್ದದ ಬಿರುಕು. ಕಿಸೆಯಿಂದ ಸೀಮೆಸುಣ್ಣ ತೆಗೆದು ಅದರ ಸುತ್ತ ಗೆರೆ ಎಳೆದಳು.

"ಹುಡುಗಿಯಾಗಿದ್ದಾಗ ಮೆಟ್ಟಿಲ ಮೇಲಿಂದ ಬೀಳ್ಸಿದ್ದೆ. ಅಪ್ಪನಿಗೆ ಹೆದರಿ ಹೇಳ್ಲಿಲ್ಲ. ಯಾರೂ ನೋಡ್ಬಾರ್ದು ಅಂತ ಅವತ್ತಿಂದ ಎಣ್ಣೆ ನಾನೇ ಬಿಟ್ಟೆ. ನೋಡಮ್ಮ, ತೆಳು ಬಟ್ಟೆಗೆ ಇದು ಇನ್ನೂ ಹತ್ತು ವರ್ಷ ಬರುತ್ತೆ. ಕ್ಯಾನ್ವಾಸಿಗೆ ತಡೆಯಲ್ಲ."

ಚೀಲದವಳು ಬಗ್ಗಿ, ಬಿರುಕಿನ ಮೇಲೆ ಉಗುರು ಎಳೆದು ನೋಡಿದಳು. "ಅಯ್ಯೋ, ಇದು ನನ್ನ ಚೀಲ ನೋಡಿದ್ರೇನೇ ಎರಡು ಹೋಳಾಗುತ್ತೆ." ನಕ್ಕಳು. ಫೋಟೋದಲ್ಲಿ ತೋರಿಸದ ಐಬು ಸಿಕ್ಕರೆ ಕೊಂಡವರು ಬೇಡ ಅನ್ನಬಹುದು, ಅದೂ ಆ್ಯಪಿನದೇ ನಿಯಮ. ನೋಟು ಎತ್ತಿ ಸೆರಗಿಗೆ ಕಟ್ಟಿಕೊಂಡಳು. "ಸುತ್ತು ನೋಡಿ, ಸುಳ್ಳಾಡದವರು ಅಂತಲೇ ಕೂಗಿದ್ದೆ ಕಣಕ್ಕಾ. ಹೇಳಿದ್ದು ಒಳ್ಳೇದಾಯ್ತು," ಎಂದು ಹಗ್ಗ ಹೆಗಲಿಗೇರಿಸಿ ಹೊರಟಳು.

ಅಂಗಡಿಯಲ್ಲಿ ಇಬ್ಬರೇ ಉಳಿದರು. ಮಷೀನು ಉಳಿದಿತ್ತು, ಮಂಡಿಯೂ ಹಾಗೇ ಇತ್ತು, ಮೋಟಾರು ಎಲ್ಲೋ ದೂರದಲ್ಲಿತ್ತು. ತಂಗಿ ಗೋಡೆ ಬಿಡಲಿಲ್ಲ. ಅಕ್ಕ ಮಷೀನಿನ ತಲೆಯನ್ನು ಮತ್ತೆ ಕೂರಿಸಿ, ಬಗ್ಗಿ, ಚಕ್ರವನ್ನು ಕೆಳಗಿನ ತುಳಿಯುವ ಹಲಗೆಗೆ ಕೂಡಿಸಿದ್ದ ಬೆಲ್ಟು ಬಿಚ್ಚಿದಳು. ಅರ್ಧ ಹೊಲಿದ ಲಂಗವನ್ನು ಸೂಜಿಯ ಕೆಳಗಿಟ್ಟು, ಪಕ್ಕದ ಸ್ಟೂಲು ಎಳೆದಳು.

"ಬಾ. ಕೂತ್ಕೊ. ಕೈಯಲ್ಲಿ ಚಕ್ರ ತಿರುಗ್ಸು, ಬಟ್ಟೆ ನಾನು ನಡೆಸ್ತೀನಿ."

ತಂಗಿ ಕೂತು ಚಕ್ರ ಹಿಡಿದಳು. ಸೂಜಿ ಎರಡು ಸಲ ತಡವರಿಸಿತು.

"ಅಕ್ಕಾ... ನಿನ್ನೆ ನಾನು..."

"ಮಾತು ಆಮೇಲೆ," ಎಂದಳು ಅಕ್ಕ ಬಟ್ಟೆಯಿಂದ ಕಣ್ಣೆತ್ತದೆ. "ಮೆಲ್ಲಗೆ ತಿರುಗ್ಸು. ಇಪ್ಪತ್ತೆಂಟು ಸಾವಿರದ ಚಕ್ರ ಅದು."