ಸತ್ತಿಲ್ಲ ಅಂದವರು

“ದೇವರಿಲ್ಲ ಅಂತ ಬೀದಿ ಬೀದೀಲಿ ಬೊಗಳಿದ ನಾಯಿಗೆ ಪ್ರಾರ್ಥನೆ ಬೇರೆ ಕೇಡು! ಎತ್ಕೊಂಡ್ ಹೋಗ್ರೇ ಹೆಣಾನ.”

ಗುರುಗಳು ಮಂದಿರದ ಬಾಗಿಲು ಹಾಕಿಕೊಂಡರು. ಹೆಣ ನನ್ನ ಗಂಡನದು. ಗಿರಣಿಯ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ಅದು ಸೋರುತ್ತಿದೆ ಎಂದು ಎಷ್ಟು ಬಾಯಿ ಬಡಿದುಕೊಂಡರೂ ಧಣಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಸಿಡಿಯಿತು. ಅತ್ತೆ ಮೆಟ್ಟಿಲಿಗೆ ಹಣೆ ಚಚ್ಚಿಕೊಂಡಳು. “ಒಂದ್ ಪ್ರಾರ್ಥನೆ ಹೇಳಿ ಸ್ವಾಮಿ, ಇಲ್ದಿದ್ರೆ ನನ್ ಮಗ ಅಲೀತಾನೆ!”

ಪಕ್ಷದ ಮುಖಂಡ ಅವಳನ್ನು ಎಬ್ಬಿಸಿದ. “ಅಲೆಯೋಕೆ ಆತ್ಮ ಗೀತ್ಮ ಏನೂ ಇಲ್ಲ ಕಣಮ್ಮ. ಅವನು ಕಮ್ಯುನಿಸ್ಟ್. ಈ ಮೂಢನಂಬಿಕೆ ಅವನಿಗೇ ಅವಮಾನ.”

ಕೆಂಪು ಬಾವುಟ ಹೊದಿಸಿ ಹೂತೆವು. ನೂರಾರು ಮಂದಿ ಮುಷ್ಟಿ ಎತ್ತಿ ಕೂಗಿದರು: “ಸತ್ತಿಲ್ಲ, ಸತ್ತಿಲ್ಲ! ಸಂಗಾತಿ ಸತ್ತಿಲ್ಲ!”

ಅತ್ತೆ ಅದನ್ನೇ ಹಿಡಿದುಕೊಂಡಳು. ದಿನಾ ಸಂಜೆ ಗಿರಣಿಯ ಸೈರನ್ ಆದೊಡನೆ ಅಗುಳಿ ತೆಗೆದು, ಅವನ ಕೈಕಾಲು ತೊಳೆಯಲು ಬೋಗುಣಿಯಲ್ಲಿ ಬಿಸಿನೀರು ಇಡುವಳು.

“ಅತ್ತೆ, ಅವ್ರು ಹೋದ್ರು.”

“ಅಷ್ಟು ಜನ ಸುಳ್ಳು ಕೂಗ್ತಾರೇನೇ?”

ನನಗೆ ರೇಗುತ್ತಿತ್ತು. ಆಮೇಲೆ ಹೆದರಿಕೆಯೂ ಆಯಿತು. ಒಂದು ಬೆಳಿಗ್ಗೆ ಬೋಗುಣಿಯ ನೀರು ಮಸಿಯಾಗಿತ್ತು. ನಮ್ಮ ಮನೆಯಲ್ಲಿ ಈಗ ಕಲ್ಲಿದ್ದಲು ಮುಟ್ಟುವವರಿಲ್ಲ. ಸದ್ದಿಲ್ಲದೆ ಚೆಲ್ಲಿ ಬಂದೆ.

ಗಿರಣಿಗೆ ಹೊಸ ಬಾಯ್ಲರ್ ಬಂತು. ಅದಕ್ಕೆ ಪ್ರಾರ್ಥನೆ ಹೇಳಲು ಅದೇ ಗುರುಗಳು ಬಂದರು. ನನ್ನ ಗಂಡನಿಗೆ ಸಿಗದ್ದು ಕಬ್ಬಿಣಕ್ಕೆ ಸಿಕ್ಕಿತು. ಗೇಟಿನಾಚೆ ಮುಖಂಡ ಜನರಿಂದ ಕೂಗಿಸುತ್ತಿದ್ದ, “ಸತ್ತಿಲ್ಲ, ಸತ್ತಿಲ್ಲ!” ನಾನೂ ಅದೇ ಗಿರಣಿಯಲ್ಲಿ ನೂಲು ಸುತ್ತುವವಳು, ಒಳಗೆ ಕೆಲಸದವರ ಸಾಲಿನಲ್ಲಿ ನಿಂತಿದ್ದೆ. ಅತ್ತೆ ನಮ್ಮನ್ನೆಲ್ಲ ಸರಿಸಿಕೊಂಡು ಮುಂದೆ ಬಂದಳು.

“ಯಾವನೋ ಈ ಮುದಿ ಗೂಬೇನ ಒಳಗ್ ಬಿಟ್ಟಿದ್ದು?” ಧಣಿ ಕಿರುಚಿದ.

“ಸತ್ತಿದ್ರೆ ಪ್ರಾರ್ಥನೆ ಹೇಳಿ. ಸತ್ತಿಲ್ಲ ಅಂದ್ರೆ ಮನೆಗ್ ಕಳ್ಸಿ. ಇಬ್ರೂ ಸೇರಿ ಒಂದ್ ಮಾತ್ ಹೇಳ್ರೋ, ನಿಮ್ ಬಾಯಿಗೆ ಮಣ್ಣ್ ಹಾಕ!”

ಗುರುಗಳು ಕೈಯಲ್ಲಿದ್ದ ಪುಸ್ತಕ ನೋಡಿದರು. ಮುಖಂಡ ಗೇಟಿನ ಸರಳು ಹಿಡಿದು ನೆಲ ನೋಡಿದ. ಅತ್ತೆ ಇನ್ನೂ ಬೆಂಕಿ ಕಾಣದ ಬಾಯ್ಲರಿಗೆ ಕಿವಿ ಒತ್ತಿದಳು.

“ಇಲ್ಲೇ ಇದಾನೆ. ಕೆಮ್ತಾ ಇದಾನೆ. ಹಚ್ರೋ ಬೆಂಕಿ, ಯಾವನ್ ಹಚ್ತಾನೋ ನೋಡ್ತೀನಿ.”

“ಅಮ್ಮಾ, ಇದೆಲ್ಲಾ ಮೂಢನಂಬಿಕೆ...” ಎಂದ ಮುಖಂಡ.

“ಹಚ್ಚೋ ಮುಂಡೇದೇ!” ಎಂದ ಧಣಿ.

ಗಂಡನ ಜಾಗಕ್ಕೆ ಬಂದವನು ಬೆಂಕಿಪೊಟ್ಟಣ ಹಿಡಿದು ನನ್ನ ಕಡೆ ನೋಡಿದ. ನಾನು ಹೋಗಿ ಅತ್ತೆಯ ಪಕ್ಕ ಕಿವಿಯಿಟ್ಟೆ. ಕಬ್ಬಿಣ ತಣ್ಣಗಿತ್ತು. ನನಗೇನೂ ಕೇಳಿಸಲಿಲ್ಲ.

“ನಂಗೂ ಕೇಳ್ತಿದೆ,” ಅಂದೆ.

ಅವನು ಬೆಂಕಿಪೊಟ್ಟಣ ನೆಲಕ್ಕಿಟ್ಟ. ಬಂದು ನನ್ನ ಪಕ್ಕ ಕಿವಿಯಿಟ್ಟ.

“ನಂಗೂ ಕಣಕ್ಕಾ,” ಎಂದ. ಅವನ ಮುಖ ಬಿಳಿಚಿಕೊಂಡಿತ್ತು.